ಗುಳಿಗೆಯ ಪಾಲು

ನಾನು ಮೊದಲಿನಿಂದಲೂ ಸಂಶಯದವಳು. ಹಾಲಿನವನು ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ಇವತ್ತು ಎಷ್ಟು ನೀರು ಬೆರೆಸಿದೆ ಎಂದು ಕೇಳುವವಳು. ಅಂಥವಳ ಗಂಡ ವಾರಕ್ಕೊಮ್ಮೆ ಬಬಲೇಶ್ವರಕ್ಕೆ ಹೋಗಿ ಬರುತ್ತೇನೆಂದು ಬೈಕ್ ಹೊರತೆಗೆಯತೊಡಗಿದರೆ ಸುಮ್ಮನೆ ಕೂರಲಾದೀತೇ? ಬಬಲೇಶ್ವರದಲ್ಲಿ ನನ್ನ ತಂಗಿಯ ಮನೆಯಿದೆ. ಫೋನ್ ಮಾಡಿ ಕೇಳಿದೆ.

"ಮಾಮಾರು ಈ ಕಡೆ ಹಾಯ್ದು ಎಷ್ಟ ದಿನಾ ಆತಕ್ಕಾ," ಎಂದಳು.

ಇವರು ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾಗಿ ಬಂದು, ನಾವು ವಿಜಯಪುರದ ಜಲನಗರದಲ್ಲಿ ಮನೆ ಮಾಡಿ ಬಹಳ ವರ್ಷಗಳಾದವು. ಬಂದ ಸ್ವಲ್ಪ ದಿನಕ್ಕೇ ಮಂಕಾದರು. ಬಡಿಸಿದರೆ ಉಂಡರು, ಇಲ್ಲದಿದ್ದರೆ ಇಲ್ಲ. ಕೂತಲ್ಲಿ ಪಿಂಚಣಿ ಬರುತ್ತದಲ್ಲ, ಅದಕ್ಕೇ ಮೈಗಳ್ಳತನ ಎಂದರು ನೆಂಟರು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಅತ್ತೆ ನಿಂಬೆಹಣ್ಣು ಇಳಿಸಿದರು. ಕಡೆಗೆ ಮಾಜಿ ಸೈನಿಕರ ದವಾಖಾನೆಯಿಂದ ಮನೋರೋಗದ ಡಾಕ್ಟರ ಬಳಿ ಕಳಿಸಿದರು. ಖಿನ್ನತೆ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ಅಲ್ಲಿ. ಗುಳಿಗೆ ನುಂಗಿದರು, ನೆಟ್ಟಗಾದರು, ನೆಟ್ಟಗಾದೆನಲ್ಲ ಎಂದು ಗುಳಿಗೆ ಬಿಟ್ಟರು. ಕೆಲವು ವರ್ಷದ ಮೇಲೆ ಅದು ಮತ್ತೆ ಬಂತು. ಆಮೇಲೂ ಬಂತು. ಸಕ್ಕರೆ ಕಾಯಿಲೆಯ ಹಾಗೆ ಇದನ್ನೂ ಜೊತೆಗಿಟ್ಟುಕೊಂಡೇ ಬಾಳಬೇಕು, ಗುಳಿಗೆ ಮಾತ್ರ ತಪ್ಪಬಾರದು ಎಂದರು ಡಾಕ್ಟರು.

ಈ ಸಲ ಗುಳಿಗೆ ತಪ್ಪಿರಲಿಲ್ಲ. ಪಾಕೀಟು ಸರಿಯಾಗಿ ಖಾಲಿಯಾಗುತ್ತಿತ್ತು, ಮನುಷ್ಯ ಮಾತ್ರ ಕುಗ್ಗುತ್ತಲೇ ಇದ್ದರು. ಬೆಳಗಾಗುವ ಮೊದಲೇ ಎದ್ದು, ಗಡ್ಡ ಬೋಳಿಸಿ, ಹಾಸಿಗೆಯನ್ನು ಒಂದು ಸುಕ್ಕಿಲ್ಲದಂತೆ ಮಡಚಿಟ್ಟು, ಅದರ ಪಕ್ಕದಲ್ಲೇ ಗೋಡೆ ನೋಡುತ್ತ ಕೂತುಬಿಡುವರು. ಇದೆಲ್ಲಿಯ ಶಿಸ್ತು ಎಂದು ನನಗೆ ಅಳು ಬರುತ್ತಿತ್ತು.

"ಗುಳಿಗಿ ಬರೋಬರಿ ತೊಗೊಳ್ಳಾಕತ್ತಾರಿಲ್ರಿ?" ಎಂದು ಡಾಕ್ಟರು ನನ್ನನ್ನು ಕೇಳಿದರೆ ಇವರೇ ಕುರ್ಚಿಯಲ್ಲಿ ಸೆಟೆದು, "ತೊಗೋತೀನ್ರಿ ಸರ್," ಎಂದರು. ಡಾಕ್ಟರು ಗುಳಿಗೆ ಜೋರು ಮಾಡಿದರು.

ಗುಳಿಗೆ ಎಲ್ಲಾದರೂ ಎಸೆಯುತ್ತಾರೇನೋ ಎಂದು ನಾನು ಮನೆಗೆ ಬಂದು ಬಚ್ಚಲ ಮೋರಿ ನೋಡಿದೆ. ತುಳಸಿಯ ಬುಡ ಕೆದರಿದೆ, ಏನೂ ಸಿಗಲಿಲ್ಲ. ಮಿಲಿಟರಿ ಕ್ಯಾಂಟೀನಿನ ರಮ್ ಬಾಟಲಿಯ ಸೀಲು ಒಡೆದಿರಲಿಲ್ಲ. ಕುಡಿತ ಅಲ್ಲ, ಹಾಗಾದರೆ ಹೆಣ್ಣೇ ಇರಬೇಕು ಎಂದುಕೊಂಡೆ. ಇದ್ದರೆ ಇರಲಿ ಎಂದೂ ಅನಿಸಿತು, ಹೇಳಲು ನನಗೆ ನಾಚಿಕೆಯಿಲ್ಲ. ಹೆಣ್ಣಿನ ಹಿಂದೆ ಹೋಗುವವನಿಗೆ ಬದುಕುವ ಆಸೆಯಾದರೂ ಇರುತ್ತದೆ. ನನಗಿದ್ದ ಭಯ ಬಾವಿಯದು, ಹಗ್ಗದ್ದು.

ಅವರ ಬೈಕ್ ಬಬಲೇಶ್ವರದ ದಾರಿ ಬಿಟ್ಟು ಅಥಣಿ ರಸ್ತೆಗೆ ಹೊರಳಿದ್ದನ್ನು ಪಕ್ಕದ ಮನೆಯವರು ಕಂಡಿದ್ದರು. ಆ ದಾರಿಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಮನೆ, ಕಳ್ಳಕವಟಗಿಯಲ್ಲಿದ್ದ ಅವರ ಪಲ್ಟನ್ನಿನ ಗೆಳೆಯನದು. ಮೊದಲೆಲ್ಲ ಎಳೆ ಜೋಳದ ತೆನೆ ಸುಟ್ಟ ಸೀತನಿ ತಿನ್ನಲು ಅವರ ಹೊಲಕ್ಕೆ ಹೋಗುತ್ತಿದ್ದೆವು. ಮುಂದಿನ ವಾರ ಇವರು ಹೊರಟ ಮೇಲೆ ನಾನೂ ಬಸ್ ಹತ್ತಿದೆ. ತಿಕೋಟಾದಲ್ಲಿ ಇಳಿದು ಟಂಟಂ ಆಟೋ ಹಿಡಿದೆ.

ದ್ರಾಕ್ಷಿ ಪಡದ ಪಕ್ಕದ ಮನೆ. ಅಂಗಳದ ಹೊರಸಿನ ಮೇಲೆ ಗೆಳೆಯ ಮಲಗಿದ್ದ. ಗಡ್ಡ ಬೆಳೆದು ಗುರುತೇ ಸಿಗುತ್ತಿರಲಿಲ್ಲ. ನನ್ನ ಗಂಡ ಅವನ ತಲೆಯೆತ್ತಿ ಹಿಡಿದು ಬಾಯಿಗೆ ಗುಳಿಗೆ ಹಾಕಿ ನೀರು ಕುಡಿಸುತ್ತಿದ್ದರು.

"ಬಾಯಿ ತೆಗಿಲೇ. ನಾಲಿಗಿ ಎತ್ತು."

ಗೆಳೆಯನ ಹೆಂಡತಿ ನನ್ನನ್ನು ನೋಡಿ ಓಡಿ ಬಂದಳು. ಗಂಡನಿಗೂ ಇವರ ಹಾಗೇ ಮಂಕು ಕವಿದಿದೆಯಂತೆ. ಮಗಳ ಮದುವೆ ನಿಶ್ಚಯವಾಗಿದೆಯಂತೆ, ಬೀಗರು ವಿಜಯಪುರದವರಂತೆ. ಅಪ್ಪ ಹುಚ್ಚರ ಡಾಕ್ಟರ ಬಾಗಿಲಲ್ಲಿ ಕೂತದ್ದನ್ನು ಅವರು ಕಂಡರೆ ಎಂಬ ಹೆದರಿಕೆ.

"ಅಣ್ಣಾರು ದೇವರಂಗ ಬಂದಾರ್ರಿ ಅಕ್ಕಾರ. ಅವರಿಗೆ ಹೆಚ್ಚಿಗಿ ಕೊಟ್ಟ ಗುಳಿಗಿ ತಂದುಕೊಡ್ತಾರ್ರಿ."

ಹೆಚ್ಚಿಗೆ! ಇವರನ್ನು ಪಡದ ಬಳ್ಳಿಗಳ ಮರೆಗೆ ಕರೆದೆ.

"ಹೆಚ್ಚಿಗಿ ಯಾರ ಕೊಟ್ಟಾರ್ರಿ ನಿಮಗ?"

"ಒಂದಿನ ನಾ ತೊಗೋತೀನಿ, ಒಂದಿನ ಅಂವ," ಎಂದರು, ನಾನೇ ದಡ್ಡಿ ಎಂಬ ಧಾಟಿಯಲ್ಲಿ. "ಬಾರ್ಡರ್ ಪೋಸ್ಟಿನ್ಯಾಗ ಒಂದ ರೊಟ್ಟಿ ಇದ್ರ ಇಬ್ಬರೂ ಮುರಕೊಂಡು ತಿಂದೇವಿ. ಈಗ ಅಂವನ್ನ ಬಿಟ್ಟು ನಾ ಒಬ್ಬಾವ ತಿನ್ಲೇನು?"

"ಇದು ರೊಟ್ಟಿ ಅಲ್ರೀ!"

"ನಾ ಕೊಡಲಿಲ್ಲಂದ್ರ ಅಂವ ಉಳಿಯೂದಿಲ್ಲ."

"ಮತ್ತ ನೀವು?"

ಅವರು ದ್ರಾಕ್ಷಿ ಬಳ್ಳಿಯ ತಂತಿ ಹಿಡಿದು ನಿಂತರು. ಆ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ ಎಂಬುದು ಮುಖದಲ್ಲಿ ಕಾಣಿಸಿತು. ನನಗೆ ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಬಂದವು. ಇಬ್ಬರೂ ಅರ್ಧರ್ಧ ನುಂಗಿ, ಇಬ್ಬರೂ ಮುಳುಗುತ್ತಿದ್ದರು.

ಸೀದಾ ಹೊರಸಿನ ಹತ್ತಿರ ಹೋದೆ. ಇವರು ಹಿಂದಿನಿಂದ "ಲೇ, ಬ್ಯಾಡ," ಎನ್ನುತ್ತಲೇ ಇದ್ದರು.

"ಅಣ್ಣಾರ, ಅದು ಹೆಚ್ಚಿಗಿ ಬಂದದ್ದಲ್ಲ. ಇವರ ಪಾಲಿಂದು. ನಿಮಗ ಕೊಟ್ಟ ದಿನಾ ಇವರು ಖಾಲಿ."

ಗೆಳೆಯ ನನ್ನನ್ನು ನೋಡಿದ, ಆಮೇಲೆ ಇವರನ್ನು. ಇವರು ತಲೆ ತಗ್ಗಿಸಿದರು. ಅವನು ಹೊರಸಿನ ಕಟ್ಟು ಹಿಡಿದು ಎದ್ದು ಕೂತ. ಹೆಂಡತಿಗೆ ಅಂಗಿ ಕೇಳಿದ.

"ಬೀಗರು ನೋಡಿದ್ರ ಏನ್ ಮಾಡೂನ್ರಿ?" ಎಂದಳು ಅವಳು.

"ನೋಡ್ಲಿ."

ಬೈಕನ್ನು ಅವರ ಅಂಗಳದಲ್ಲೇ ಬಿಟ್ಟು ಮೂವರೂ ಟಂಟಂ, ಬಸ್ ಹಿಡಿದು ವಿಜಯಪುರದ ಆಸ್ಪತ್ರೆಗೆ ಹೊರಟೆವು. ನಡುದಾರಿಯಲ್ಲಿ ಎಲ್ಲಾದರೂ ಇಳಿದುಬಿಡುತ್ತಾರೇನೋ ಎಂದು ನಾನು ಇಬ್ಬರ ಮೇಲೂ ಕಣ್ಣಿಟ್ಟೇ ಕೂತಿದ್ದೆ.

ಆಸ್ಪತ್ರೆಯ ಕೌಂಟರಿನಲ್ಲಿ ಹುಡುಗಿ ಹೆಸರು ಕೇಳಿದಳು. ಗೆಳೆಯ ಕಾಲು ಜೋಡಿಸಿ ನಿಂತು ತನ್ನ ನಂಬರು, ಹುದ್ದೆ, ಹೆಸರು ಇಡೀ ಪಡಸಾಲೆಗೆ ಕೇಳುವಂತೆ ಹೇಳಿದ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಗಂಡ ಹೋಗಿ ಅವನ ಪಕ್ಕದಲ್ಲಿ ನಿಂತರು.

"ನಂದೂ ಬರ್ಕೋಳವ್ವಾ," ಎಂದರು. "ಡಾಕ್ಟರಿಗೆ ಸುಳ್ಳ ಹೇಳೇನಿ. ಅರ್ಧಾನ ನುಂಗೇನಿ."