ಊರಲ್ಲಿ ಓಡುವ ಕಾರಿಗೆ ರೇಸಿನ ಕ್ಯಾಮ್

ಈ ಕಾರನ್ನು ಯಾರು ಓಡಿಸುತ್ತಾರೆ ಎಂದು ಕೇಳಿದವರಿಗೆ ನಾನು ಸುಳ್ಳು ಹೇಳಿದೆ. ಆಮೇಲೆ ಆದದ್ದಕ್ಕೆಲ್ಲ ಅದೇ ಮೂಲ.

ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಷಿಯನ್. ಮನೆ ರಾಯಚೂರಿನಲ್ಲಿ, ಕೆಲಸಕ್ಕೆ ಹೋಗಿಬರುವುದು ಬಸ್ಸಿನಲ್ಲಿ. ಹೆಂಡತಿ ಮಾನ್ವಿಯ ಆಚೆ ಹಿರೇಕೊಟ್ನೆಕಲ್ಲಿನಲ್ಲಿ ಶಾಲಾ ಶಿಕ್ಷಕಿ. ನಮ್ಮ ಹಳೆಯ ಕಾರು ವಾರದಲ್ಲಿ ಆರು ದಿನ ಆಕೆಯದು, ಭಾನುವಾರ ನನ್ನದು. ಭಾನುವಾರದ ನನ್ನ ಹುಚ್ಚೆಂದರೆ ನೇರ ಓಟದ ರೇಸು. ಹೈದರಾಬಾದ್ ಕಡೆ ಪಾಳುಬಿದ್ದ ಒಂದು ರನ್‌ವೇ ಮೇಲೆ ಎರಡು ಕಾರು ಪಕ್ಕಪಕ್ಕ ನಿಲ್ಲಿಸಿ ಕಾಲು ಮೈಲಿ ಓಡಿಸುತ್ತಿದ್ದೆವು. ಕಾಲು ಮೈಲಿಗಾಗಿ ನಸುಕಿನಲ್ಲೆದ್ದು ಅಷ್ಟು ದೂರ ಹೋಗುವವನನ್ನು ಹೆಂಡತಿ ಏನೆಂದು ಕರೆಯುತ್ತಿದ್ದಳೋ ಇಲ್ಲಿ ಬರೆಯುವುದು ಬೇಡ.

ಎಂಜಿನ್ನಿನ ಉಸಿರಾಟವಿರುವುದು ಕ್ಯಾಮ್ ಶಾಫ್ಟಿನ ಕೈಯಲ್ಲಿ. ಉದ್ದನೆಯ ಸರಳು, ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳು; ಅದು ತಿರುಗಿದಂತೆ ಉಬ್ಬುಗಳು ವಾಲ್ವುಗಳನ್ನು ತಳ್ಳಿ ತೆರೆಯುತ್ತವೆ. ವಾಲ್ವುಗಳು ಹೆಚ್ಚು ಹೊತ್ತು ತೆರೆದಿದ್ದರೆ ಎಂಜಿನ್ ವೇಗದಲ್ಲಿ ಹಾರುತ್ತದೆ, ನಿಧಾನದಲ್ಲಿ ಕೆಮ್ಮುತ್ತದೆ. ಊರಿಗೂ ಬೇಕು, ರೇಸಿಗೂ ಬೇಕು ಎನ್ನುವವನು ನಡುವೆ ಎಲ್ಲೋ ರಾಜಿಯಾಗಬೇಕು. ನನಗೆ ಆ ಮನಸ್ಸಿರಲಿಲ್ಲ.

ಹುಬ್ಬಳ್ಳಿಯಲ್ಲಿ ಕ್ಯಾಮ್ ಮಾಡಿಕೊಡುವ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಕಾರಿನ ತೂಕ, ಗೇರು, ಎಲ್ಲ ವಿಚಾರಿಸಿದರು. ಕೊನೆಗೆ ಕೇಳಿದರು, "ದಿನಾ ಓಡಸ್ತೀರೇನು? ಮನಿ ಮಂದಿ ಯಾರರ ಓಡಸ್ತಾರೇನು?"

"ಇಲ್ರಿ, ನಾ ಒಬ್ಬನ. ಅದೂ ರೇಸಿಗಷ್ಟ," ಎಂದೆ.

"ಖರೇ ಹೇಳ್ರಿ. ದೊಡ್ಡ ಕ್ಯಾಮ್ ಹಾಕಿದ್ರ ಸಣ್ಣ ಸ್ಪೀಡಿನ್ಯಾಗ ಎಂಜಿನ್ನು ಗಾಳಿ ಎಳಿಯೋ ಜೋರು ಕಮ್ಮಿ ಆಗ್ತದ. ಬ್ರೇಕು ಹಗುರ ಆಗೋದು ಆ ಎಳೆತದಿಂದ. ಮ್ಯಾಲಿಂದ ಮ್ಯಾಲ ಒತ್ತಿದ್ರ ಪೆಡಲು ಕಲ್ಲಾಗ್ತದ. ಸಂತ್ಯಾಗ ಓಡಿಸೋ ಗಾಡಿಗೆ ಅದು ಬ್ಯಾಡ."

ಗೊತ್ತಿದೆ ಎಂದೆ. ನಿಜವಾಗಿಯೂ ಗೊತ್ತಿತ್ತು.

ದೊಡ್ಡದನ್ನೇ ತರಿಸಿ ನಾನೇ ಕೂಡಿಸಿದೆ. ರನ್‌ವೇ ಮೇಲೆ ಕಾರು ಮೊದಲಿಗಿಂತ ಅರ್ಧ ಸೆಕೆಂಡು ಬೇಗ ಗುರಿ ಮುಟ್ಟಿತು. ನನಗೆ ಎರಡು ಕೊಂಬು ಮೂಡಿದವು. ಊರೊಳಗೆ ಮಾತ್ರ ನಿಂತಲ್ಲೇ ಗಡಗಡ ನಡುಗುತ್ತಿತ್ತು. "ನಿಂತಾಗ ಸ್ವಲ್ಪ ಆಕ್ಸಿಲರೇಟರ್ ಒತ್ಕೋಂತ ಇರು," ಎಂದು ಹೆಂಡತಿಗೆ ಹೇಳಿದೆ. ಬ್ರೇಕಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಅದನ್ನು ಬಿಚ್ಚಿ ತೆಗೆ ಎನ್ನುತ್ತಿದ್ದಳು.

ಆಕೆಗೆ ಆ ಕಾರು ಏನಾಗಿತ್ತು ಎಂಬುದನ್ನೂ ಹೇಳಬೇಕು. ದೇವದುರ್ಗದಲ್ಲಿ ಹಮಾಲಿ ಮಾಡಿ ಮಗಳನ್ನು ಓದಿಸಿದವರು ನನ್ನ ಮಾವ. ಅವರ ಮನೆತನದಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಆಕೆಯೇ ಮೊದಲಿಗಳು. ಮೊದಲ ಸಲ ತವರಿಗೆ ಕಾರು ಓಡಿಸಿಕೊಂಡು ಹೋದಾಗ ಮಾವ ಹಿಂದಿನ ಸೀಟಿನಲ್ಲಿ ಕುಳಿತು ಊರೆಲ್ಲ ಸುತ್ತಿದ್ದರು. ಮುಂದೆ ಬರ್ರಿ ಎಂದರೆ, "ಇಲ್ಲೇ ಛಲೋ ಅದ. ಮಗಳು ಕಾಣ್ತಾಳ," ಎಂದಿದ್ದರು.

ಕ್ಯಾಮ್ ಹಾಕಿ ಮೂರನೇ ವಾರ, ಮಾನ್ವಿಯಲ್ಲಿ ಸಂತೆಯ ದಿನ. ಸಂದಣಿಯಲ್ಲಿ ಹೆಜ್ಜೆಹೆಜ್ಜೆಗೂ ಬ್ರೇಕ್ ಒತ್ತುತ್ತ ಬಂದ ಆಕೆಗೆ ಒಂದು ಕಡೆ ಪೆಡಲು ಅಲುಗಲೇ ಇಲ್ಲ. ಕಾರು ಮೆಲ್ಲಗೆ ಹೋಗಿ ಬಾಳೆಹಣ್ಣಿನ ತಳ್ಳುಗಾಡಿಗೆ ಬಡಿಯಿತು. ಗಾಡಿ ಉರುಳಿತು, ಮಾರುತ್ತಿದ್ದ ಮುದುಕಿ ಬಿದ್ದಳು. ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆದರೆ ನೆರೆದ ಮಂದಿ ಸುಮ್ಮನಿರುತ್ತಾರೆಯೇ? ಹೆಣ್ಣುಮಕ್ಕಳ ಕೈಗೆ ಕಾರು ಕೊಟ್ಟವರಿಗೆ ಬುದ್ಧಿ ಇಲ್ಲ ಎಂದರಂತೆ.

ಸಂಜೆ ಬಂದವಳು ನೀರು ಸಹ ಕುಡಿಯದೆ ಕೇಳಿದಳು, "ಬ್ರೇಕ್ ಒತ್ತಿದ್ನಿರೀ. ಖರೇನ ಒತ್ತಿದ್ನಿ. ಗಾಡಿ ಯಾಕ ನಿಲ್ಲಲಿಲ್ಲ?"

ಕಾರಣ ನನಗೆ ಆ ಕ್ಷಣವೇ ಹೊಳೆಯಿತು. ಆದರೂ ಬಾಯಿ ತನ್ನಷ್ಟಕ್ಕೆ ಮಾತಾಡಿತು. "ಗಾಬರಿ ಆಗಿ ಕ್ಲಚ್ ಒತ್ತಿರಬೇಕು ನೀನು. ಹೊಸಬರಿಗೆ ಹಂಗ ಆಗ್ತದ."

ಆಕೆ ತನ್ನ ಕಾಲುಗಳನ್ನು ನೋಡಿಕೊಂಡಳು. ಹೌದೇನೋ ಎಂದಳು. ಮರುದಿನದಿಂದ ಕಾರಿನ ಕೀಲಿ ಮುಟ್ಟಲಿಲ್ಲ, ಬೆಳಿಗ್ಗೆ ಬೇಗ ಎದ್ದು ಬಸ್ ಸ್ಟ್ಯಾಂಡಿಗೆ ನಡೆದಳು.

ತಿಂಗಳುಗಟ್ಟಲೆ ಹೀಗೇ ನಡೆಯಿತು. ದಿನಾ ಹೇಳಬೇಕೆಂದುಕೊಳ್ಳುತ್ತಿದ್ದೆ, ದಿನಾ ನಾಳೆಗೆ ತಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಕೆ ಬರುತ್ತಿತ್ತು, ಆ ಸಿಟ್ಟನ್ನು ತಂದು ಮನೆಯಲ್ಲಿ ಕಾರುತ್ತಿದ್ದೆ. ಒಮ್ಮೆ ಕೆಲಸದ ಮೇಲೆ ದೇವದುರ್ಗಕ್ಕೆ ಹೋದಾಗ ಮಾವ ಚಹಾ ಕೊಟ್ಟು, "ಆಕಿಗೆ ಕಾರು ಒಲಿಲಿಲ್ಲ ಬಿಡ್ರಿ, ಅಳಿಯಾರ. ನಮ್ಮಂಥ ಮಂದಿಗೆ ಅದು ಕೂಡಿ ಬರಲ್ಲ," ಎಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನವೇ ರಜೆ ಹಾಕಿ ರೇಸಿನ ಕ್ಯಾಮ್ ಬಿಚ್ಚಿ, ಹಳೆಯದನ್ನು ಕೂಡಿಸಿದೆ. ಆಗಲೂ ಹೇಳುವ ಧೈರ್ಯ ಬರಲಿಲ್ಲ. ಭಾನುವಾರ ಬೆಳಿಗ್ಗೆ, ಇಲ್ಲೇ ಓಣಿಯ ತುದಿಯವರೆಗೆ ಓಡಿಸು ಎಂದು ಗೋಗರೆದೆ. ಆಕೆ ಒಲ್ಲದ ಮನಸ್ಸಿನಿಂದ ಕುಳಿತಳು. ಎಂಜಿನ್ ಚಾಲೂ ಮಾಡಿ ಬ್ರೇಕ್ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ಬಿಡದೆ ಹತ್ತು ಸಲ.

"ಆವತ್ತು ಹಿಂಗ ಇರಲಿಲ್ಲ. ಏನ್ ಮಾಡೀರಿ ಇದಕ್ಕ?"

ಎಲ್ಲ ಹೇಳಿದೆ, ಹುಬ್ಬಳ್ಳಿಗೆ ಮಾಡಿದ ಫೋನಿನಿಂದ ಹಿಡಿದು. ಆಕೆ ಬೈಯಲಿಲ್ಲ, ಅಳಲೂ ಇಲ್ಲ. "ನಡೀರಿ ದೇವದುರ್ಗಕ್ಕ. ನಮ್ಮಪ್ಪಗ ನೀವ ಹೇಳ್ರಿ," ಎಂದು ಗೇರು ಹಾಕಿದಳು. ದಾರಿಯುದ್ದಕ್ಕೂ ಚೆನ್ನಾಗಿಯೇ ಓಡಿಸಿದಳು.

ಮಾವನ ಮುಂದೆ ಎಲ್ಲವನ್ನೂ ಮತ್ತೆ ಹೇಳಿದೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿ, "ಆತು ಬಿಡ್ರಿ. ಉಣ್ಣಾಕ ಏಳ್ರಿ," ಎಂದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾತ್ರ ಬಿಡಲಿಲ್ಲ.

"ಆವತ್ತು ಆ ಮುದುಕಿ ಸತ್ತಿದ್ರ ಖರೇ ಹೇಳ್ತಿದ್ರೇನು? ಇಲ್ಲಾ ಆಗೂ ನಂದ ತಪ್ಪಂತ ಬಿಡ್ತಿದ್ರೇನು?"

ಹೇಳುತ್ತಿದ್ದೆ ಎಂಬ ಮಾತು ಬಾಯಿಯವರೆಗೂ ಬಂತು. ಅದು ನಿಜವೇ ಎಂದು ನನಗೆ ಗೊತ್ತಿರಲಿಲ್ಲ.