ಗೋದಲಿಗೆ ರಾಗಿ ಪೈರು

ಉಗಾಂಡದ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಮಾಡಲು ಚರ್ಚಿನವರು ನನ್ನನ್ನು ಆರಿಸಿದ್ದರು. ಹೊಸ ವರ್ಷ ಕಳೆದ ಕೂಡಲೇ ವಿಮಾನ. ಮೈಸೂರಿನಲ್ಲಿ ನರ್ಸ್ ಆಗಿದ್ದ ನಾನು ಕ್ರಿಸ್‌ಮಸ್ ರಜೆಗೆಂದು ಚಾಮರಾಜನಗರದ ಮನೆಗೆ ಬಂದೆ. ಚಪ್ಪಲಿ ಬಿಡುವಾಗಲೇ ಕಣ್ಣಿಗೆ ಬಿದ್ದದ್ದು ಜಗಲಿಯ ಮೇಲೆ ಸಾಲಾಗಿಟ್ಟಿದ್ದ ತೆಂಗಿನ ಚಿಪ್ಪುಗಳು. ಚಿಪ್ಪಿನ ತುಂಬ ರಾಗಿ ಪೈರು, ಹಸಿರೋ ಹಸಿರು. ನನ್ನ ಹೊಟ್ಟೆ ಅಲ್ಲೇ ಉರಿಯಿತು.

ನಮ್ಮಲ್ಲಿ ಕ್ರಿಸ್‌ಮಸ್ಸಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಮನೆ, ಕಟ್ಟುವಾಗ ಬಾಲಯೇಸುವಿನ ಸುತ್ತ ಹುಲ್ಲಿನ ಹಾಗೆ ಕಾಣಲೆಂದು ರಾಗಿ ಮೊಳಕೆ ಬರಿಸಿ ಇಡುತ್ತಾರೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಹಾಸ್ಟೆಲಿನಲ್ಲಿದ್ದಾಗಲೂ ಡಿಸೆಂಬರ್ ಹುಟ್ಟಿದರೆ ಸಾಕು, ಬಸ್ ಹತ್ತಿ ಬಂದು ರಾಗಿ ಚೆಲ್ಲಿ ಹೋಗುತ್ತಿದ್ದೆ. ಈ ಸಲ ಪಾಸ್‌ಪೋರ್ಟು, ವೀಸಾ ಅಂತ ಅಲೆದಾಟದಲ್ಲಿ ತಡವಾಗಿತ್ತು. ಹಬ್ಬಕ್ಕೆ ಇನ್ನೂ ವಾರ ಇದೆಯಲ್ಲ, ಈಗ ಚೆಲ್ಲಿದರೂ ಒಂದಿಷ್ಟು ಚಿಗುರುತ್ತದೆ ಅಂದುಕೊಂಡು ಬಂದಿದ್ದೆ.

"ಇದನ್ನ ಯಾರು ಹಾಕಿದ್ದು?" ಅಂದೆ.

"ನಿಮ್ಮತ್ತಿಗೆ ಕಣಮ್ಮಿ. ಎಂಗ್ ಬಂದದೆ ನೋಡು!" ಅಂದಳು ಅಮ್ಮ.

ಅತ್ತಿಗೆ ಗುಂಡ್ಲುಪೇಟೆ ಕಡೆಯವಳು. ಅಣ್ಣನನ್ನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಕೈ ನೋಡಿ, ಏನು ಹಾಕಿದರೂ ಏಳುತ್ತದೆ. ನನ್ನ ಪೈರು ಅರ್ಧ ಕೊಳೆತು, ಇನ್ನರ್ಧ ಕಾಮಾಲೆ ಬಂದ ಹಾಗೆ ಹಳದಿಯಾಗಿರುತ್ತಿತ್ತು. "ಬೆತ್ಲೆಹೇಮಿಗೆ ಈ ವರ್ಷವೂ ಮಳೆ ಇಲ್ಲ" ಎಂದು ಅಪ್ಪ ನಗುತ್ತಿದ್ದರು. ಈಗ ಮಳೆ ಬಂದಿತ್ತು, ಗುಂಡ್ಲುಪೇಟೆಯಿಂದ!

ಮಾರನೇ ದಿನ ಅಮ್ಮ, ಅತ್ತಿಗೆ ಕರ್ಜಿಕಾಯಿ ಮಾಡಲು ಕೂತರು. ನಾನೂ ಮಣೆ ಎಳೆದುಕೊಂಡೆ. "ನೀ ಬುಡು ಮಗ. ಕೈಗೆ ಸೂಜಿ ಚುಚ್ಚುಸ್ಕಂಡ್ ಬಂದಿದ್ದೀಯ, ಓಗು, ಮಲಿಕೊ" ಅಂದಳು ಅಮ್ಮ. ಆ ದೇಶಕ್ಕೆ ಹೋಗುವವರು ಹಾಕಿಸಿಕೊಳ್ಳಲೇಬೇಕಾದ ಇಂಜೆಕ್ಷನ್ ಅದು. ನೋವು ಯಾವತ್ತೋ ಹೋಗಿತ್ತು. ಸಿಹಿ ಸಾಕಾ ನೋಡು ಅಂತ ಅಮ್ಮ ಹೂರಣ ಇಟ್ಟದ್ದು ಅತ್ತಿಗೆಯ ಬಾಯಿಗೆ. ಅಲ್ಲ, ಆ ರುಚಿ ನೋಡುವ ಹಕ್ಕು ಹುಟ್ಟಿದಾಗಿನಿಂದ ನನ್ನದಲ್ಲವೇ? ನನಗೆ ಕರ್ಜಿಕಾಯಿ ತಟ್ಟೆಯಲ್ಲಿ ಬಂತು, ಪಕ್ಕದಲ್ಲಿ ನೀರಿನ ಲೋಟ ಬೇರೆ. ನೆಂಟರಿಗೆ ಕೊಡುವ ಹಾಗೆ.

ಹಬ್ಬದ ಹಿಂದಿನ ದಿನ ಗೋದಲಿ ಕಟ್ಟಿದೆವು. ಅತ್ತಿಗೆ ತವರಿಂದ ತರಿಸಿದ ಚೆಂಡುಹೂವಿನ ಹಾರ ಇಳಿಬಿಟ್ಟು, ಪೈರಿನ ಚಿಪ್ಪುಗಳನ್ನು ಮುಂದೆ ಜೋಡಿಸಿದಳು. ಎಲ್ಲಕ್ಕಿಂತ ದಟ್ಟವಾಗಿದ್ದ ಚಿಪ್ಪನ್ನು ನಾನು ಎತ್ತಿ ಹಸುವಿನ ಗೊಂಬೆಯ ಹಿಂದಕ್ಕೆ ತಳ್ಳಿದೆ. "ದನಕ್ಕೂ ಮೇವು ಬೇಡವಾ?" ಅಂದೆ. "ಊ ಕಣಮ್ಮಿ, ನಿಂಗೆ ಗೊತ್ತಿರ್ತದೆ ಬುಡು" ಎಂದು ನಕ್ಕಳು ಪುಣ್ಯಾತ್ಗಿತ್ತಿ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟ ಇನ್ನೊಂದಿಲ್ಲ. ಜಗಳಕ್ಕೂ ಸಿಗುವುದಿಲ್ಲ.

ಹಬ್ಬ ಮುಗಿದು ಸೂಟ್‌ಕೇಸ್ ತುಂಬುವ ದಿನ ಬಂತು. ಅಮ್ಮ ಹುಳಿಪುಡಿಯ ಪೊಟ್ಟಣ ಕಟ್ಟುತ್ತಾ, "ಉಳ್ದ ಬಟ್ಟೆಯೆಲ್ಲ ನಿಮ್ಮತ್ತಿಗೆ ಮಡಚ್ತಾಳೆ ಬುಡು" ಅಂದಳು. ಅಷ್ಟೇ ಸಾಕಾಯಿತು.

"ನಾನಿನ್ನೂ ಹೊರಟೇ ಇಲ್ಲ, ಆಗಲೇ ನನ್ನ ಜಾಗ ಅವಳಿಗೆ ಕೊಟ್ಟುಬಿಟ್ಟೆಯಲ್ಲಮ್ಮ! ತಿರುಗಿ ಬಂದರೆ ನನಗೆ ಈ ಮನೆಯಲ್ಲಿ ಏನು ಉಳಿದಿರುತ್ತೆ?"

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಏನಂದೆ? ಬರೋ ವರ್ಸ ನೀ ಇರಕಿಲ್ಲ. ಆಗ ಒಂದೇ ಸಲಕ್ಕೆ ನನ್ ಕೈಲಿ ಆಯ್ತದಾ? ಅದ್ಕೇ ನೀ ಕಣ್ ಮುಂದೆ ಇರೋವಾಗ್ಲೇ, ನೀ ಇಲ್ದಂಗೆ ಇರೋದ್ನ ಅಭ್ಯಾಸ ಮಾಡ್ಕತಾ ಇವ್ನಿ" ಅಂದವಳು ಪೊಟ್ಟಣವನ್ನು ಬಟ್ಟೆಗಳ ನಡುವೆ ತುರುಕಿ, ಸೂಟ್‌ಕೇಸಿನ ಮುಚ್ಚಳದ ಮೇಲೆ ಕೂತುಬಿಟ್ಟಳು. ನಾನು ಬೀಗ ಹಾಕಿದೆ. ಹೊಟ್ಟೆಕಿಚ್ಚು ಆರಿತು ಅಂದರೆ ಸುಳ್ಳಾದೀತು.

ಮುಂದಿನ ವರ್ಷ ಹಬ್ಬಕ್ಕೆ ಒಂದು ವಾರ ಇರುವಾಗ ಉಗಾಂಡದಿಂದ ಫೋನ್ ಮಾಡಿದೆ. ಅತ್ತಿಗೆ ಎತ್ತಿದಳು. ಪೈರು ಹೇಗೆ ಬಂದಿದೆ ಎಂದು ಕೇಳಿದೆ.

"ಎಲ್ಲಿ ಪೈರು ಕಣಮ್ಮಿ? ನಾನು ರಾಗಿ ನೆನೆಹಾಕಿದ್ದೆ. ಅತ್ತೆ ತಕಂಡೋಗಿ ಕೋಳಿಗೆ ಚೆಲ್ಬುಟ್ರು. ಅವ್ಳು ಬರಗಂಟ ಈ ಮನೇಲಿ ಪೈರು ಬ್ಯಾಡ ಅಂದ್ರು."

ಖುಷಿಯಾಯಿತು. ಯಾಕೆ ಮುಚ್ಚಿಡಲಿ, ಕುಣಿಯುವಷ್ಟು ಖುಷಿಯಾಯಿತು. ಅಮ್ಮನಿಗೆ ಫೋನ್ ಕೊಡಿ ಅಂದೆ.

"ಬರಾಕಿಲ್ಲ ಅಂತಾವ್ರೆ. ನಿನ್ ಸ್ವರ ಕೇಳುದ್ರೆ ಅಳು ಬತ್ತದಂತೆ. ಖಾಲಿ ಚಿಪ್ಪು ಮುಂದಿಟ್ಕಂಡು ಜಗಲಿ ಮ್ಯಾಲೆ ಕುಂತವ್ರೆ."

ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದೆ.

"ಅತ್ತಿಗೆ, ಇನ್ನೂ ವಾರ ಇದೆ. ಈಗಲೇ ಒಂದು ಹಿಡಿ ರಾಗಿ ನೆನೆಹಾಕಿ" ಅಂದೆ. "ಅಮ್ಮ ಬೈದರೆ ನಾನೇ ಹೇಳಿದ್ದು ಅನ್ನಿ. ನನ್ನ ಪೈರಿನ ಹಾಗಲ್ಲ, ನಿಮ್ಮ ಪೈರಿನ ಹಾಗೆ ಬರಲಿ."