ಗೌರಮ್ಮನವರ ಗೋಡೆಗೊಂದು ಫೋಟೋ

ಕೆಂಗೇರಿಗೆ ಹೊರಡುವ ಮೊದಲು ನನಗೆ ಹೊಳೆದ ಅನಾಹುತಗಳನ್ನೆಲ್ಲ ಹೇಳಿಬಿಡುತ್ತೇನೆ. ಬಸ್ಸು ನಾಯಂಡಹಳ್ಳಿಯ ಹತ್ತಿರ ಕೆಟ್ಟು ನಿಲ್ಲಬಹುದು. ಮಳೆ ಬಂದು ಕ್ಯಾಮೆರಾದೊಳಗೆ ನೀರು ಹೋಗಬಹುದು. ನಾಯಿ ಕಚ್ಚಬಹುದು. ನಮ್ಮನ್ನು ಫ್ಯಾಮಿಲಿ ಪ್ಲಾನಿಂಗಿನವರೆಂದುಕೊಂಡು ಜನ ಅಟ್ಟಿಸಿಕೊಂಡು ಬರಬಹುದು. ಎಮರ್ಜೆನ್ಸಿಯ ಆ ವರ್ಷ, ಹಿಡಿದು ಆಪರೇಷನ್ ಮಾಡಿಬಿಡುತ್ತಾರೆಂದು ಊರೂರಲ್ಲೂ ಅದೇ ಭಯ. ಹೊರಗಿನ ಊಟ ಹೊಟ್ಟೆಗೆ ಒಗ್ಗದಿರಬಹುದು.

"ಇಷ್ಟು ದಿಗಿಲಿದ್ರೆ ಮನೇಲೇ ಕೂತು ನನ್ನ ಫೋಟೋ ತೆಗೀರಿ," ಎಂದಳು ಹೆಂಡತಿ.

ಜೊತೆಗೆ ಹೊರಟವನು ಶಾಮಣ್ಣ. ರಾಜಾಜಿನಗರದಲ್ಲಿ ನಮ್ಮ ಹಿಂದಿನ ಬೀದಿಯವನು, ಫೋಟೋ ಸ್ಪರ್ಧೆಗಳ ಹುಚ್ಚಿನವನು. ಈ ಸಲದ ವಿಷಯ ಗ್ರಾಮಜೀವನ. ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿ, ಎಂಟಾಣೆ ಟಿಕೆಟ್ಟು ತೆಗೆದುಕೊಂಡು ಮೈಸೂರು ರಸ್ತೆ ಹಿಡಿದೆವು. "ಒಂದು ಒಳ್ಳೇ ಮುಖ ಬೇಕು ಕಣಯ್ಯ, ಸುಕ್ಕು ತುಂಬಿರೋದು," ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ, ಸಂತೆಯಲ್ಲಿ ಬದನೆಕಾಯಿ ಆರಿಸುವವನ ಗತ್ತಿನಲ್ಲಿ.

ಬಸ್ಸು ಕೆಡಲಿಲ್ಲ. ಕೆಂಗೇರಿಯಲ್ಲಿ ಉರಿಬಿಸಿಲು, ನಾಯಿಗಳು ತಲೆಯೆತ್ತಿಯೂ ನೋಡಲಿಲ್ಲ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ನಾನು ಕೆರೆ ಏರಿಯನ್ನೂ ಎತ್ತಿನ ಗಾಡಿಯನ್ನೂ ಎರಡೆರಡು ಸಲ ತೆಗೆದೆ. ಹಳೇ ಊರೊಳಗೆ ಅಲೆಯುತ್ತಿದ್ದಾಗ ಜಗುಲಿಯ ಮೇಲಿಂದ ವಯಸ್ಸಾದ ಹೆಂಗಸೊಬ್ಬರು ಕೂಗಿದರು: "ಈ ಬಿಸ್ಲಲ್ಲಿ ಯಾಕ್ರಪ್ಪಾ ಸುತ್ತುತೀರಾ? ಬನ್ನಿ, ಒಂದ್ ತುತ್ತು ಉಣ್ಣಿ."

ಅವರೇ ಗೌರಮ್ಮ. ಬಿಸಿ ಮುದ್ದೆ, ಉಪ್ಪುಸಾರು. ಶಾಮಣ್ಣ ಎರಡನೇ ಮುದ್ದೆಯನ್ನೂ ಮುಗಿಸಿದ. ಕ್ಯಾಮೆರಾ ಕಂಡ ಗೌರಮ್ಮ ಸಂಕೋಚದಿಂದ ಕೇಳಿದರು: "ನಂದೊಂದು ತೆಗೀತೀರಾ? ನಮ್ ಯಜಮಾನ್ರು ಹೋದಾಗ ಹಾರ ಹಾಕೋಕೆ ಒಂದ್ ಫೋಟೋನೂ ಇರ್ಲಿಲ್ಲ. ತಿಥಿ ಬಂದಾಗೆಲ್ಲ ನನ್ ಮಗ ಬರೀ ಗೋಡೆಗೆ ಕೈ ಮುಗೀತಾನೆ. ನಂದಾದ್ರೂ ಇರ್ಲಿ."

ಒಳಗೆ ಹೋಗಿ ಹೊಸ ಸೀರೆ ಉಟ್ಟು, ಕನ್ನಡಕ ಹಾಕಿಕೊಂಡು ಬಂದರು. ಶಾಮಣ್ಣನ ಮುಖ ಇಳಿಯಿತು.

"ಅಮ್ಮಾ, ಮೊದಲು ನನಗೊಂದು. ಆ ಹಳೇ ಸೀರೇನೇ ಇರಲಿ. ಕನ್ನಡಕ ಬೇಡ. ಈ ಖಾಲಿ ತಟ್ಟೆ ಹಿಡ್ಕೊಂಡು ಹೀಗೆ ಮೇಲೆ ನೋಡಿ."

"ತಟ್ಟೆ ನಾನ್ಯಾಕಪ್ಪಾ ಹಿಡೀಲಿ? ಉಂಡೋನು ನೀನು!"

ಆದರೂ ಬಂದವರ ಮಾತು ತೆಗೆದುಹಾಕಬಾರದೆಂದು ಮತ್ತೆ ಹಳೇ ಸೀರೆ ಉಟ್ಟು ಹೇಳಿದಂತೆ ಕೂತರು. ಅವನು ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. "ಇದಕ್ಕೆ 'ಹಸಿವು' ಅಂತ ಹೆಸರಿಡ್ತೀನಿ," ಎಂದು ನನ್ನ ಕಿವಿಯಲ್ಲಿ ಹೇಳಿ, "ಅಯ್ಯೋ, ರೀಲು ಮುಗೀತು," ಎಂದ.

ನನ್ನ ರೀಲಿನಲ್ಲಿ ಉಳಿದಿದ್ದುದು ಒಂದೇ ಒಂದು ಫೋಟೋ. ಗೌರಮ್ಮ ಪಾಪ, ಮತ್ತೆ ಹೊಸ ಸೀರೆ ಉಟ್ಟು, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತರು. "ಅಲ್ಲಾಡಬೇಡಿ, ಉಸಿರು ಬಿಗಿ ಹಿಡೀರಿ," ಎಂದು ನಾನು ಪೀಡಿಸಿದೆ. "ನಿನ್ ಕೈ ನಡುಗ್ತಾ ಐತೆ, ನನ್ನ ಯಾಕಪ್ಪಾ ಬೈತೀಯ?" ಎಂದರು. ಒತ್ತಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅವರ ಮುದ್ದೆ ತಿಂದು ಅವರನ್ನೇ ಉಪವಾಸ ಕೆಡವ್ತೀಯಲ್ಲೋ."

"ಬರೀ ಸೀರೆ ಕನ್ನಡಕಕ್ಕೆ ಬಹುಮಾನ ಯಾರು ಕೊಡ್ತಾರಯ್ಯ? ತೀರ್ಪುಗಾರರಿಗೆ ದುಃಖ ಬೇಕು."

"ಅದನ್ನ ಅವರ ಮಗ ಪೇಪರಿನಲ್ಲಿ ನೋಡಿದರೆ? ತಾಯಿಗೆ ಅನ್ನ ಹಾಕಲ್ಲ ಅಂತ ಊರೆಲ್ಲ ಅವನ ಮುಖಕ್ಕೆ ಉಗಿದರೆ?"

ನಾಯಂಡಹಳ್ಳಿ ದಾಟಿದರೂ ನಾನು ಬಿಡಲಿಲ್ಲ. ನನ್ನ ಕೊರೆತದ ಬಗ್ಗೆ ನನ್ನ ಹೆಂಡತಿ ಬೇಕಾದರೆ ಸಾಕ್ಷಿ ಹೇಳಿಯಾಳು. ಮಾರ್ಕೆಟ್ಟಿನಲ್ಲಿ ಇಳಿಯುತ್ತಲೇ ಶಾಮಣ್ಣ ಕ್ಯಾಮೆರಾದ ಬೆನ್ನು ತೆರೆದು ರೀಲನ್ನು ಸರ್ರನೆ ಬಿಸಿಲಿಗೆಳೆದ. "ತಗೋ! ಹಸಿವೂ ಇಲ್ಲ, ಬಹುಮಾನಾನೂ ಇಲ್ಲ. ಇನ್ನಾದ್ರೂ ಬಾಯಿ ಮುಚ್ಚು ಮಾರಾಯ!" ಬೆಳಕು ಬಿದ್ದ ರೀಲು ಅಲ್ಲೇ ಹಾಳಾಯಿತು. ಅಷ್ಟು ಜಂಬದಿಂದ ನಾನು ಎಂದೂ ಮನೆಗೆ ಮರಳಿರಲಿಲ್ಲ.

ಮುಂದಿನ ವಾರ ಸ್ಟುಡಿಯೋದವನು ಪ್ರಿಂಟು ಕೈಗಿತ್ತ. ಕೈ ನಡುಗಿರಲಿಲ್ಲ. ಸೀರೆಯ ಅಂಚು, ಕನ್ನಡಕದ ಕಟ್ಟು, ಗೋಡೆಯ ಸುಣ್ಣದ ಬಿರುಕು, ಎಲ್ಲವೂ ಕೆತ್ತಿದಷ್ಟು ಸ್ಪಷ್ಟ. ನಾನು ಒತ್ತಿದ ಗಳಿಗೆಯಲ್ಲಿ ಗೌರಮ್ಮ ಕಣ್ಣು ಮುಚ್ಚಿಬಿಟ್ಟಿದ್ದರು.